ಒಲೆಕಟ್ಟೆಯ ಮೇಲಿನ ಬಿಲ್ಲೆಗಳು

ಹೊಳೆನರಸೀಪುರ
10-2-1938

ತೀರ್ಥರೂಪ ಸಮಾನರಾದ ಅಣ್ಣ ಈಶ್ವರಯ್ಯನವರಿಗೆ ತಂಗಿ ನೀಲಾಂಬಿಕೆಯ ಶರಣಾರ್ಥಿ.

ನೀವು ಮೈಸೂರಿನಿಂದ ಕಳಿಸಿದ, ಗೋಡೆಗೆ ಕೂರಿಸುವ ಪಿಂಗಾಣಿ ಬಿಲ್ಲೆಗಳು ಒಂದೂ ಒಡೆಯದೆ ತಲುಪಿದವು. ಒಲೆಕಟ್ಟೆಯ ಮೇಲಿನ ಗೋಡೆಯ ಬಿರುಕಿನಿಂದ ಬಂದ ಚೇಳು ನನ್ನನ್ನು ಕುಟುಕಿತೆಂದು ಕೇಳಿ ಇಷ್ಟು ಮಾಡಿದಿರಿ. ಹೇಗೆ ಮರೆಯಲಿ?

ಗಾರೆ ಕೆಲಸದ ತಿಮ್ಮಪ್ಪನನ್ನು, ಬೇರೆ ಜಾತಿಯವನೆಂದು, ಅಡಿಗೆಮನೆಯೊಳಗೆ ಬಿಡಲು ಅತ್ತೆಯವರು ಒಪ್ಪಲಿಲ್ಲ. ಅವನು ಹಿತ್ತಲ ಕಿಟಕಿಯಾಚೆ ನಿಂತು, "ಗಾರೆ ತೆಳ್ಳಗೆ ಬಳೀರಿ ಅವ್ವಾರೆ, ಸಂದೀಲಿ ನೀರು ಇಳೀಬಾರ್ದು" ಎಂದು ಹೇಳಿಕೊಟ್ಟ. ನಾನು ಬಿಲ್ಲೆ ಕೂರಿಸಿದೆ. ಅತ್ತೆಯವರೇ ಸಂದಿಗಳಿಗೆ ಸಿಮೆಂಟು ತುಂಬಿದರು. ಇಬ್ಬರ ಮುಖವೂ ಬೂದಿ ಬಳಿದಂತಾಗಿ ನಕ್ಕೆವು. ಮದುವೆಯಾದ ಮೇಲೆ ಅವರು ನನ್ನೊಡನೆ ನಕ್ಕಿದ್ದು ಇದೇ ಮೊದಲು.

ಮೇಲಿನ ಸಾಲು ಮಾತ್ರ ಎಷ್ಟು ಸಲ ಕೂರಿಸಿದರೂ ಜಾರುತ್ತಿತ್ತು. ಅತ್ತೆಯವರು ಕೈ ಒರೆಸಿಕೊಂಡು ಕಿಟಕಿಯತ್ತ ತಿರುಗಿ, "ಕಾಲ್ ತೊಳ್ಕೊಂಡು ಒಳೀಕ್ ಬಾ ತಿಮ್ಮಪ್ಪ" ಎಂದರು.

ಅವನು ಕಾಲು ತೊಳೆದು ಬಂದು ಹೊಸಿಲಲ್ಲೇ ನಿಂತ. "ನಿಜ್ವಾಗ್ಲೂ ಬರ್ಲಾ ಅವ್ವಾರೆ?"

"ಬಾ ಅಂದ್ನಲ್ಲ!"

ಶಿವರಾತ್ರಿಗೆ ಅತ್ತಿಗೆಯವರನ್ನೂ ಕರೆದುಕೊಂಡು ಬನ್ನಿ. ಗೋಡೆ ಬೆಳ್ಳಗೆ ಹೊಳೆಯುತ್ತಿದೆ. ಕೆಲಸ ಮುಗಿದ ದಿನ ಅತ್ತೆಯವರು ಆ ಗೋಡೆಯ ಕೆಳಗೇ ಮಣೆ ಹಾಕಿ, ತಿಮ್ಮಪ್ಪನನ್ನು ಕೂರಿಸಿ, ತಮ್ಮ ಕೈಯಿಂದ ರೊಟ್ಟಿ ಬಡಿಸಿದರು.

ನಿಮ್ಮ ತಂಗಿ,
ನೀಲಾಂಬಿಕೆ