ಆರನೆಯ ಸವಾರ

ಮಾರ್ಚ್ ೧೪, ಭಾನುವಾರ

ನನ್ನ ಮಗಳಿಗೆ,

ಅಪ್ಪನ ಆಶೀರ್ವಾದ. ನಿನ್ನ ಕಾಗದ ಬಂದು ಮೂರು ವಾರವಾಯಿತು, ತಡವಾಯಿತೆಂದು ಕೋಪ ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ ಇತ್ತು ಎಂದು ಬರೆಯೋಣವೆಂದರೆ, ಲಾಯದಲ್ಲಿ ಈಗ ಉಳಿದಿರುವುದು ನಾಲ್ಕೇ ಕುದುರೆ. ಅವಕ್ಕೆ ಲಾಳ ಕಟ್ಟಲು ಎಷ್ಟು ಹೊತ್ತು ಬೇಕು ಎಂದು ನಿನಗೇ ಗೊತ್ತು. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ, ಅಷ್ಟೇ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ.

ನಿನ್ನ ತಮ್ಮ ಶೂಟಿಂಗಿನಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡನಲ್ಲ, ಆ ಕೌಬಾಯ್ ಸಿನಿಮಾ ಕೊನೆಗೂ ನಮ್ಮ ಟಾಕೀಸಿಗೆ ಬಂತು. 'ಬಂದರೆ ನೋಡಿ, ಅವನು ಕಾಣಿಸ್ತಾನಾ ಅಂತ ಬರೀರಿ ಅಪ್ಪಾ' ಎಂದು ನೀನು ಕೇಳಿದ್ದೆ. ಅದನ್ನೇ ಬರೆಯುತ್ತಿದ್ದೇನೆ.

ಮೊದಲ ದಿನ ಮಧ್ಯಾಹ್ನದ ಆಟಕ್ಕೆ ಹೋದೆವು. ನಿನ್ನ ಅಮ್ಮ ವರ್ಷದ ಮೇಲೆ ಮೊದಲ ಸಲ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಂಡಳು. ಪಕ್ಕದ ಮನೆಯ ದರ್ಜಿಯೂ ಜೊತೆಗೆ ಬಂದ. ಅವನ ಬಾಯಿ ನಿನಗೆ ಗೊತ್ತಲ್ಲ. ಸಾವಿರ ದನಗಳ ಹಿಂಡು ಎಂದು ಸಿನಿಮಾದಲ್ಲಿ ಹೇಳುತ್ತಾರೆ, ತೋರಿಸುವುದು ಇಪ್ಪತ್ತು. ಕಿವಿ ಹರಿದ ಒಂದು ಕೆಂಪು ಹಸು ಮೂರು ಸಲ ಅದೇ ದಾರಿಯಲ್ಲಿ ಹಾದುಹೋಯಿತು. "ಪಾಪ, ಈ ಹಸೂಗೆ ರಜಾನೇ ಕೊಟ್ಟಿಲ್ಲ ನೋಡಿ," ಎಂದ ದರ್ಜಿ. ರ‍್ಯಾಂಚಿನ ಯಜಮಾನ, ಅಂದರೆ ಆ ದನಗಳ ಒಡೆಯ, ಸಿಟ್ಟಿನಲ್ಲಿ ಬಾಗಿಲು ಹಾಕಿದರೆ ಮನೆಯ ಗೋಡೆಯೇ ಅಲ್ಲಾಡುತ್ತದೆ. ನಾಯಕ ಕುದುರೆಯ ಮೇಲೆ ಮೂಟೆಯ ಹಾಗೆ ಕೂತಿದ್ದಾನೆ. ಜನ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು ಮಗಳೇ, ನಕ್ಕದ್ದಕ್ಕೆ ನಾಚಿಕೆಯಿಂದ ಮೈ ಹಿಡಿಯಾಯಿತು. ಇಂಥದ್ದೊಂದಕ್ಕೆ ಹೋಗಿ ನನ್ನ ಮಗ ಪ್ರಾಣ ಬಿಟ್ಟನೇ ಅನ್ನಿಸಿತು.

ಮಧ್ಯಂತರವಾದ ಮೇಲೆ ದನ ಕದಿಯಲು ಡಕಾಯಿತರು ಬಂದರು. ಆರು ಜನ, ಎಲ್ಲರಿಗೂ ಕಣ್ಣಿನ ಕೆಳಗಿನವರೆಗೆ ಬಟ್ಟೆ ಕಟ್ಟಿತ್ತು. ಕೊನೆಯವನು ಬೂದು ಕುದುರೆಯ ಮೇಲಿದ್ದ. ಅಮ್ಮ ನನ್ನ ರಟ್ಟೆ ಹಿಡಿದು, "ರೀ, ನಮ್ಮೋನು! ಆ ಬೆನ್ನು ನೋಡ್ರೀ, ನಾನು ಉಜ್ಜಿ ಬೆಳೆಸಿದ ಬೆನ್ನು," ಎಂದಳು. ಆ ಸವಾರ ಬೇಲಿ ಹಾರಿದ, ಗುಂಡು ತಗಲಿದವನಂತೆ ಉರುಳಿದ. ಧೂಳೆದ್ದಿತು. ಅಲ್ಲಿಗೆ ಮುಗಿಯಿತು.

ನಾನು "ಹೂಂ ಕಣೇ" ಅಂದೆ.

ಅದು ಅವನಲ್ಲ. ಅವನು ಹೋದ ಮೇಲೆ ಆ ದೃಶ್ಯವನ್ನು ಬೇರೆಯವನಿಂದ ಮತ್ತೆ ಮಾಡಿಸಿದ್ದಾರೆ. ನಿನ್ನ ತಮ್ಮ ಬೇಲಿ ಹಾರುವಾಗ ಕುದುರೆಯ ಕತ್ತಿಗೆ ಮೈ ಅಂಟಿಸುತ್ತಿದ್ದ. ಇವನು ನೆಟ್ಟಗೆ ಕೂತೇ ಹಾರಿದ. ಸವಾರಿ ಕಲಿಸಿದವನು ನಾನು, ನನಗೆ ತಿಳಿಯದೇ? ಕೊನೆಗೆ ಬಂದ ಹೆಸರುಗಳಲ್ಲೂ ಅವನ ಹೆಸರಿರಲಿಲ್ಲ. ಇಡೀ ಸಿನಿಮಾದಲ್ಲಿ ಅವನು ಎಲ್ಲೂ ಇಲ್ಲ.

ಅಮ್ಮ ಮರುದಿನವೂ ಹೋದಳು. ಆಮೇಲೆ ದಿನಾ ಒಬ್ಬಳೇ ಹೋಗತೊಡಗಿದಳು. ಆ ಸವಾರ ಬೀಳುವ ಮುಂಚೆ ಕಣ್ಣು ಮುಚ್ಚಿಕೊಂಡು, ಬಿದ್ದ ಮೇಲೆ ಎದ್ದು ಬಂದುಬಿಡುತ್ತಿದ್ದಳು. "ಇವತ್ತು ಮುಂದಿನ ಸಾಲಲ್ಲಿ ಕೂತಿದ್ದೆ. ಸ್ವಲ್ಪ ದಪ್ಪ ಆಗಿದಾನೆ ಅಲ್ವಾ?" ಎನ್ನುತ್ತಾ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ.

ಶುಕ್ರವಾರ ಚಿತ್ರ ಬದಲಾಯಿಸುತ್ತಾರೆಂದು ಗೊತ್ತಾಗಿ, ಅವಳಿಗೆ ಹೇಳದೆ ಟಾಕೀಸಿನ ಮ್ಯಾನೇಜರನ ಹತ್ತಿರ ಹೋದೆ. ಇನ್ನೊಂದು ವಾರ ಇಟ್ಟುಕೊಳ್ಳಿ ಎಂದು ಕೇಳಿದೆ. ಅವನು ಕೂತ ಕುರ್ಚಿಯಿಂದ ಎದ್ದು ನಿಂತ.

"ಯಜಮಾನ್ರೇ, ನಿನ್ನೆ ಬಂದಿದ್ದು ಹನ್ನೊಂದು ಜನ. ಅದ್ರಲ್ಲಿ ಒಬ್ರು ನಿಮ್ಮನೆಯವ್ರು. ನಾನೇನ್ ಮಾಡ್ಲಿ, ನೀವೇ ಹೇಳಿ."

ಕೈ ಮುಗಿದು ಹೊರಗೆ ಬಂದೆ.

ಮೊನ್ನೆ ಶುಕ್ರವಾರ ಎಷ್ಟು ಹೇಳಿದರೂ ಕೇಳದೆ ಅಮ್ಮ ಹೊರಟಳು. ಅಲ್ಲಿ ಪೋಸ್ಟರ್ ಕೀಳುತ್ತಿದ್ದರಂತೆ. ವಾಪಸ್ಸು ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತಳು. "ಎರಡನೇ ಸಲ ಕಳ್ಕೊಂಡ್ವಿ ರೀ," ಎಂದಳು. ಅಂದಿನಿಂದ ತಟ್ಟೆ ಮುಂದಿಟ್ಟರೆ ಹಾಗೇ ತಳ್ಳುತ್ತಾಳೆ.

ಅವನಲ್ಲ ಕಣೇ ಎಂದು ಹೇಳಿಬಿಡಲೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಹೇಳಿದರೆ ಆ ಏಳು ದಿನವನ್ನೂ ಅವಳ ಕೈಯಿಂದ ಕಿತ್ತುಕೊಂಡಂತೆ. ಬೇಡ. ನೀನೂ ಬಾಯಿ ಬಿಡಬೇಡ. ಸಾಧ್ಯವಾದರೆ ನಾಲ್ಕು ದಿನದ ಮಟ್ಟಿಗೆ ಬಾ. ಬಂದರೂ ಅವಳು ಮೊದಲಿನ ಹಾಗಾಗುತ್ತಾಳೆಂದು ನಾನು ಹೇಳಲಾರೆ.

ನೀನೂ ಅಳಿಯಂದಿರೂ ಕೈಕಾಲು ಗಟ್ಟಿಯಾಗಿ, ನೂರು ಕಾಲ ತಣ್ಣಗಿರಿ.

ನಿನ್ನ
ಅಪ್ಪ

ಮತ್ತೆ: ಕಾಗದ ಮಡಿಸಿದವನು ಮತ್ತೆ ಬಿಚ್ಚಿದೆ. ಬೀಳುವ ಹಿಂದಿನ ದಿನ ಸಂಜೆ ನಿನ್ನ ತಮ್ಮ ಲಾಯಕ್ಕೆ ಫೋನ್ ಮಾಡಿದ್ದ. "ಅಪ್ಪಾ, ಕುದುರೆ ಮುಂಗಾಲು ಊರೋಕೆ ಹಿಂದುಮುಂದು ನೋಡ್ತಿದೆ. ನಾಳೆ ಹಾರ್ಸೋದು ಬೇಡ ಅಂತ ಸಿನಿಮಾದವ್ರಿಗೆ ಹೇಳ್ಲಾ?" ಎಂದು ಕೇಳಿದ. ಗೊರಸು ಮುಟ್ಟಿ ನೋಡು, ಬಿಸಿ ಇದೆಯಾ ಎಂದು ನಾನು ಕೇಳಬೇಕಿತ್ತು. ಬಿಸಿ ಇದ್ದರೆ ಒಳಗೆ ನೋವಿದೆ ಎಂದೇ ಲೆಕ್ಕ. ಯಾರದೋ ಕುದುರೆಯಾದರೂ ಮೊದಲು ಅದನ್ನೇ ಕೇಳುವವನು ನಾನು. ಅವನಿಗೆ ಸಿಕ್ಕ ಮೊದಲ ಅವಕಾಶ ಕೈತಪ್ಪೀತು ಎಂಬುದೊಂದೇ ತಲೆಯಲ್ಲಿತ್ತು. "ಏನೂ ಆಗಲ್ಲ, ಹತ್ತೋ. ಇಷ್ಟಕ್ಕೆಲ್ಲ ಹೆದರ್ತಾರಾ?" ಅಂದೆ. "ಸರಿ ಅಪ್ಪಾ," ಅಂದ. ಇದು ಅಮ್ಮನಿಗೆ ಗೊತ್ತಿಲ್ಲ.