ಫ್ಲೆಕ್ಸ್ ಬಿಚ್ಚಿದ ಮೇಲೆ

ನಮ್ಮ ವಾರ್ಡಿನ ಪುರಸಭಾ ಸದಸ್ಯರಾದ ಕಾಂತರಾಜಣ್ಣನವರಿಗೆ ಮಾನ್ಯಳ ನಮಸ್ಕಾರಗಳು.

ಯುವ ಸಂಭ್ರಮ ಕಾರ್ಯಕ್ರಮದಲ್ಲಿ ನನಗೆ ಮಾಡುವ ಸನ್ಮಾನದ ಫ್ಲೆಕ್ಸನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ. ನಾನು ಲಾಂಗ್ ಜಂಪ್ ಹಾರುತ್ತಿರುವ ಫೋಟೊ, ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ನಿಮ್ಮದು. ‘ಯುವಜನರ ಬೆನ್ನಿಗೆ ನಮ್ಮ ಪಟ್ಟಣ’ ಎಂದು ಬರೆಸಿದ್ದೀರಿ. ಅಮ್ಮನಿಗೆ ತುಂಬಾ ಸಂತೋಷವಾಯಿತು.

ಆದರೆ ಅಣ್ಣ, ಮೈದಾನದಲ್ಲಿ ನಾವು ಹಾರುವ ಗುಂಡಿಯ ಮರಳನ್ನೆಲ್ಲ ಬಾಚಿ, ವೇದಿಕೆಯ ಕೆಳಗೆ ನೆಲ ಸಮ ಮಾಡಲು ಸುರಿದಿದ್ದಾರೆ. ಕೇಳಿದರೆ ಶಾಮಿಯಾನದವರು, “ನಿನ್ ಸನ್ಮಾನಕ್ಕೇ ಕಣವ್ವಾ ಇಷ್ಟೆಲ್ಲಾ! ನಾಕು ದಿನ ನೆಗೀದೆ ಇದ್ರೆ ಏನಾಯ್ತದೆ?” ಎಂದು ನಕ್ಕರು.

ಭಾನುವಾರ ಸನ್ಮಾನ. ಅದರ ಮುಂದಿನ ವಾರವೇ ಹಾಸನದಲ್ಲಿ ರಾಜ್ಯ ತಂಡದ ಆಯ್ಕೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಳ್ಳಿಮೈಸೂರಿನ ದೊಡ್ಡಪ್ಪನ ಕಣದಲ್ಲಿ ರಾಗಿಹುಲ್ಲು ಹರಡಿಕೊಂಡು ಹಾರುತ್ತಿದ್ದೇನೆ. ಮೈಕೈಗೆಲ್ಲ ಚುಚ್ಚುತ್ತದೆ.

ನನಗೆ ಶಾಲು, ಹಣ್ಣಿನ ಬುಟ್ಟಿ ಬೇಡ. ಮರಳು ವಾಪಸ್ ಹಾಕಿಸಿ. ಆಗದಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ಆ ಫ್ಲೆಕ್ಸ್ ಬಿಚ್ಚಿಸಿ ಕೊಡಿ, ಹುಲ್ಲಿನ ಮೇಲೆ ಹಾಸಿಕೊಳ್ಳುತ್ತೇನೆ. ನಿಮ್ಮ ಫೋಟೊ ಇರುವ ಭಾಗವನ್ನು ಮಡಚಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮುಖದ ಮೇಲೆ ನಾನೇ ಬೀಳುತ್ತೇನೆ.

ಇಂತಿ,
ಫ್ಲೆಕ್ಸಿನಲ್ಲಿರುವ ಹುಡುಗಿ,
ಮಾನ್ಯ