ಕವನಳ ಮೂರು ಮಿಲಿಮೀಟರ್

೧೨-೭-೨೦೦೪, ಸೋಮವಾರ. ಭದ್ರಾವತಿ

ಸಂಜೆ ದೀಪ ಹಚ್ಚುವಾಗಲೂ ಮನಸ್ಸು ನಿಲ್ಲಲಿಲ್ಲ.

ಮಳೆ ಯೋಜನೆಯಲ್ಲಿ ನಮ್ಮ ಶಾಲೆಗೆ ಮಾರ್ಗದರ್ಶಕರಾಗಿ ಗೊತ್ತುಮಾಡಿರುವ ವಿಜ್ಞಾನಿ ಮಧು ಇವತ್ತು ಶಿವಮೊಗ್ಗದಿಂದ ಬಂದಿದ್ದರು. ಹನ್ನೆರಡು ಮಕ್ಕಳ ಮನೆಯಲ್ಲಿ ಮಳೆ ಅಳೆಯುವ ಬಾಟಲಿ ಇಟ್ಟು ತಿಂಗಳಾಯಿತು. ಮಕ್ಕಳು ಅಳತೆ ಬರೆದಿಟ್ಟ ಪುಸ್ತಕಗಳನ್ನು ಮಧು ಒಂದೊಂದಾಗಿ ತೆರೆದು ನೋಡಿದರು.

"ಮೇಡಂ, ಹನ್ನೆರಡು ಮನೇಲೂ ದಿನಾ ಒಂದೇ ಅಳತೆ ಇದೆಯಲ್ಲ?"

"ನಾನೇ ಸರಿ ಮಾಡ್ಸಿದ್ದು ಸರ್. ಊರು ಒಂದೇ, ಮಳೆ ಒಂದೇ ಅಲ್ವಾ?" ಎಂದೆ, ಹೆಮ್ಮೆಯಿಂದಲೇ.

"ಅಯ್ಯೋ, ಹಳೇನಗರದಲ್ಲಿ ಎಷ್ಟು, ನ್ಯೂಟೌನ್‌ನಲ್ಲಿ ಎಷ್ಟು ಅಂತ ತಿಳ್ಕೊಳ್ಳೋಕೇ ಇದೆಲ್ಲ ಮಾಡಿದ್ದು!"

ಶಾಲಾ ಇನ್‌ಸ್ಪೆಕ್ಟರ್ ಬರುವ ಮುಂಚೆ ಎಲ್ಲರ ಪುಸ್ತಕದಲ್ಲೂ ಒಂದೇ ಉತ್ತರ ಬರೆಸಿ ಬರೆಸಿ ಪಳಗಿದ ಕೈ ಇದು. ಅದಕ್ಕಿಂತ ಹೆಚ್ಚಾಗಿ ಕವನಳ ಮುಖ ಚುಚ್ಚುತ್ತಿದೆ. "ಟೀಚರ್, ನಮ್ಮನೇಲಿ ನಿಜವಾಗ್ಲೂ ಮೂರೇ ಮಿಲಿಮೀಟರ್" ಎಂದಿದ್ದಳು ಒಂದು ದಿನ. "ನಿಮ್ಮನೆಗೇನೇ ಬೇರೆ ಮೋಡ?" ಎಂದು ತರಗತಿಯನ್ನೆಲ್ಲ ನಗಿಸಿ, ಅದನ್ನು ಅಳಿಸಿ, ಉಳಿದವರಂತೆ ಹನ್ನೊಂದು ಬರೆಸಿದೆ.

ಶಿವ ಸುರಿಸಿದ್ದನ್ನು ತಿದ್ದಲು ನಾನು ಯಾರು?

"ಬಿಡಿ ಮೇಡಂ, ಮುಂದಿನ ವರ್ಷ ನೋಡೋಣ" ಎಂದರು ಮಧು. ಮುಂದಿನ ವರ್ಷ ಕವನ ನನ್ನ ತರಗತಿಯಲ್ಲಿ ಇರುವುದಿಲ್ಲ. "ಇಲ್ಲ ಸರ್, ಮಳೆಗಾಲ ಇನ್ನೂ ಇದೆ" ಎಂದೆ. ನಾಳೆ ಹನ್ನೆರಡು ಹೊಸ ಪುಸ್ತಕ. ಯಾರೂ ರಬ್ಬರ್ ತರಕೂಡದು. ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿ, ಮೊದಲ ಸಾಲನ್ನು ಕವನಳ ಕೈಯಲ್ಲೇ ಬರೆಸಬೇಕು.

ಬಾಟಲಿ ನೋಡಬೇಕಾದದ್ದು ಬೆಳಿಗ್ಗೆ ಎಂಟಕ್ಕೆ. ನನ್ನ ಪೂಜೆಯೂ ಎಂಟಕ್ಕೇ. ಅದನ್ನೇ ನೆಪ ಮಾಡಿಕೊಂಡು ನಮ್ಮ ಮನೆಯಲ್ಲಿ ಬಾಟಲಿ ಇಟ್ಟಿರಲಿಲ್ಲ. ಈಗ ತಾನೇ ಅಂಗಳದಲ್ಲಿ ಒಂದು ಇಟ್ಟು ಬಂದೆ. ನಾಳೆಯಿಂದ ಪೂಜೆ ಏಳಕ್ಕೆ. ಎಂಟಕ್ಕೆ ಬಾಟಲಿಯ ಮುಂದೆ ಕೂರುತ್ತೇನೆ. ಅದರಲ್ಲಿ ಎಷ್ಟೇ ಇರಲಿ, ಏನೂ ಇಲ್ಲದೇ ಇರಲಿ...